ನೌಕರಿ ಅರ್ಜಿಗೊಂದು ಸ್ವಂತ ವಿಳಾಸ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಬಹಳಷ್ಟು ಹುಡುಗರ ಮೊದಲ ಮೇಲ್ ಐಡಿ ಹುಟ್ಟುವುದು ಮೊಬೈಲ್ ಅಂಗಡಿಯ ಕೌಂಟರಿನ ಮೇಲೆ. ಹೊಸ ಫೋನಿನ ಡಬ್ಬಿ ಬಿಚ್ಚಿ, ಸಿಮ್ ಹಾಕಿ, ಸ್ಕ್ರೀನ್ ಗಾರ್ಡ್ ಅಂಟಿಸುತ್ತಲೇ ಅಂಗಡಿಯವನು ಕೇಳುತ್ತಾನೆ: ‘ಜಿಮೇಲ್ ಐಡಿ ಐತೇನೋ ತಮ್ಮಾ?’ ‘ಇಲ್ರೀ ಅಣ್ಣಾ, ನೀವ ಒಂದ ಮಾಡಿ ಹಾಕ್ರಿ.’ ಪ್ಲೇ ಸ್ಟೋರ್ ತೆರೆಯಬೇಕು, ವಾಟ್ಸ್‌ಆ್ಯಪ್ ಇಳಿಸಿಕೊಳ್ಳಬೇಕು. ಅಷ್ಟಕ್ಕೆ ಒಂದು ಐಡಿ. ಹುಡುಗನ ಹೆಸರಿನ ಅರ್ಧ ಭಾಗ, ಅದರ ಬೆನ್ನಿಗೆ ಜಿಮೇಲ್ ತಾನೇ ಸೂಚಿಸಿದ ನಾಲ್ಕಾರು ಅಂಕಿ. ಪಾಸ್‌ವರ್ಡ್ ಎಂದರೆ ಅವನದೇ ಮೊಬೈಲ್ ನಂಬರ್. ಎರಡು ನಿಮಿಷದ ಕೆಲಸ.

ಹುಡುಗನಿಗೆ ಆಗ ಹದಿನಾರೋ ಹದಿನೇಳೋ. ಐದಾರು ವರ್ಷ ಕಳೆಯುವಷ್ಟರಲ್ಲಿ ಅದೇ ಐಡಿ ರೈಲ್ವೆಯ ಅರ್ಜಿಯೊಳಗೆ, ಬ್ಯಾಂಕ್ ಪರೀಕ್ಷೆಯ ಅರ್ಜಿಯೊಳಗೆ, ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಗೆ ಕಳಿಸುವ ಬಯೋಡೇಟಾದ ತಲೆಯ ಮೇಲೆ ಬಂದು ಕೂತಿರುತ್ತದೆ. ಇನ್ನು ತಾವೇ ಐಡಿ ಮಾಡಿಕೊಂಡವರದು ಬೇರೆ ಕಥೆ. ನೆಚ್ಚಿನ ನಟನ ಬಿರುದು, ಆರ್‌ಸಿಬಿ, ‘ರಾಯಲ್’, ‘ಕಿಂಗ್’, ‘ಆ್ಯಟಿಟ್ಯೂಡ್ ಬಾಯ್’, ಗೋಕಾಕದ ಗಾಡಿ ನಂಬರಿನ ‘ಕೆಎ 49’ ಎಲ್ಲವೂ ಅಲ್ಲಿ ಸಿಗುತ್ತವೆ. ಹತ್ತನೇ ತರಗತಿಯ ಹುಮ್ಮಸ್ಸಿನಲ್ಲಿ ಇಟ್ಟುಕೊಂಡ ಹೆಸರುಗಳಿವು, ಆ ವಯಸ್ಸಿಗೆ ಸಹಜವೇ. ಆದರೆ ಅದೇ ಹೆಸರು ಹೊತ್ತು ಇಪ್ಪತ್ತೆರಡನೇ ವಯಸ್ಸಿಗೆ ನೌಕರಿ ಕೇಳಲು ಹೊರಟಾಗ, ಅರ್ಜಿ ಓದುವವರಿಗೆ ಹುಡುಗನ ಅಂಕಪಟ್ಟಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದು.

ಬೀಳುತ್ತದೆ ಎಂಬುದಕ್ಕೆ ಆಧಾರವೂ ಇದೆ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನೇಮಕಾತಿಯೇ ವೃತ್ತಿಯಾಗಿರುವ 73 ಮಂದಿಗೆ ಕಾಲ್ಪನಿಕ ಬಯೋಡೇಟಾಗಳನ್ನು ಓದಲು ಕೊಟ್ಟರು. ಕೆಲವದರಲ್ಲಿ ನೇರ ಹೆಸರಿನ ಮೇಲ್ ವಿಳಾಸ, ಕೆಲವದರಲ್ಲಿ ತಮಾಷೆಯ ಅಡ್ಡಹೆಸರು; ಕೆಲವದರಲ್ಲಿ ಕಾಗುಣಿತ ತಪ್ಪು. ತಮಾಷೆಯ ವಿಳಾಸ ಇದ್ದ ಬಯೋಡೇಟಾಗಳು ಕಾಗುಣಿತ ತಪ್ಪಿದ್ದವುಗಳಷ್ಟೇ ಪೆಟ್ಟು ತಿಂದವು. ಇಂಗ್ಲಿಷ್ ಕಾಗುಣಿತ ತಿದ್ದಿಕೊಳ್ಳಲು ಹಳ್ಳಿಯ ಹುಡುಗ ವರ್ಷಗಟ್ಟಲೆ ಬೆವರು ಸುರಿಸುತ್ತಾನೆ. ಅಷ್ಟೇ ತೂಕದ ಇನ್ನೊಂದು ತಪ್ಪನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು ಎಂದು ಅವನಿಗೆ ಹೇಳುವವರು ಮಾತ್ರ ಕಡಿಮೆ.

ನೌಕರಿ ಹುಡುಕಾಟದ ದಾರಿಗಳು ಈ ಮೂರು ತಾಲ್ಲೂಕಿನಲ್ಲಿ ಹಲವು. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1880ರ ದಶಕದಿಂದ ಈ ಭಾಗಕ್ಕೆ ಕೂಲಿ, ಪಗಾರ, ಪಾಳಿ ಎಂಬ ಲೆಕ್ಕವನ್ನು ಕಲಿಸಿತು. ಅಂದಿನ ಕೆಲಸಕ್ಕೆ ಗುರುತಿನವರ ಮಾತು ಸಾಕಾಗುತ್ತಿತ್ತು. ಇಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಬಿಡಿಭಾಗಗಳು ತಯಾರಾಗುವ ಜಾಗ. ನಿಡಸೋಸಿಯ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜು, ಅರಭಾವಿಯ ತೋಟಗಾರಿಕೆ ಕಾಲೇಜು ವರ್ಷವರ್ಷವೂ ಪದವೀಧರರನ್ನು ಹೊರಗೆ ಕಳಿಸುತ್ತವೆ. ಐಟಿಐ, ಡಿಪ್ಲೊಮಾ ಮುಗಿಸಿದವರು ಬೆಳಗಾವಿಯ ಫೌಂಡ್ರಿಗಳಿಗೆ, ಗಡಿಯಾಚೆಯ ಕಾಗಲ್, ಕೊಲ್ಹಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶಗಳಿಗೆ, ಅಲ್ಲಿಂದ ಪುಣೆಗೆ ಹೋಗುತ್ತಾರೆ. ಎಲ್ಲ ಕಡೆಯೂ ಮೊದಲ ಮಾತು ಒಂದೇ: ‘ಮೇಲ್ ಮಾಡಿ.’

ಸರ್ಕಾರಿ ಕೆಲಸದ ಅಧಿಸೂಚನೆಗಳಂತೂ ಈ ವಿಷಯದಲ್ಲಿ ಬಹಳ ಖಡಕ್ಕು. ರೈಲ್ವೆ ನೇಮಕಾತಿ ಮಂಡಳಿಗಳ ಅಧಿಸೂಚನೆ ತೆರೆದು ನೋಡಿದರೆ, ಅಭ್ಯರ್ಥಿ ತನ್ನ ಸ್ವಂತ ಮೊಬೈಲ್ ನಂಬರನ್ನೂ ಸ್ವಂತ ಇ-ಮೇಲ್ ಅನ್ನೂ ಕೊಡಬೇಕು, ನೇಮಕಾತಿ ಮುಗಿಯುವವರೆಗೆ ಅವೆರಡನ್ನೂ ಚಾಲ್ತಿಯಲ್ಲಿಡಬೇಕು, ಯಾವ ಹಂತದಲ್ಲೂ ಬದಲಾವಣೆಗೆ ಅವಕಾಶವಿಲ್ಲ ಎಂದು ಬರೆದಿರುತ್ತದೆ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇರೊಬ್ಬರ ಇ-ಮೇಲ್ ಕೊಡಬಾರದು, ತನ್ನದನ್ನು ಬೇರೊಬ್ಬರಿಗೆ ಕೊಡಲೂಬಾರದು, ಸ್ವಂತದ್ದು ಇಲ್ಲದಿದ್ದರೆ ಅರ್ಜಿಗೆ ಮೊದಲು ಹೊಸದು ಮಾಡಿಕೊಳ್ಳಬೇಕು ಎನ್ನುತ್ತದೆ. ಅಧಿಸೂಚನೆಯ ಹತ್ತಾರು ಪುಟಗಳಲ್ಲಿ ವಯೋಮಿತಿ, ಹುದ್ದೆಗಳ ಸಂಖ್ಯೆ, ಶುಲ್ಕ ಇಷ್ಟನ್ನು ನೋಡಿ ಮುಚ್ಚಿಡುವವರಿಗೆ ಈ ಸಾಲು ಕಾಣುವುದೇ ಇಲ್ಲ.

ಕಾಣದಿದ್ದರೆ ಏನಾಗುತ್ತದೆ ಎಂಬುದು ಆನ್‌ಲೈನ್ ಸೆಂಟರಿನಲ್ಲಿ ಗೊತ್ತಾಗುತ್ತದೆ. ‘ಕಾಲ್ ಫಾರ್ ಆಗೈತಿ’ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಮೇಲೆ, ಕೊನೆಯ ದಿನಕ್ಕೆ ಝೆರಾಕ್ಸ್ ಅಂಗಡಿಗಳ ಮುಂದೆ ಪಾಳಿ ಹತ್ತುತ್ತದೆ. ಸರ್ವರ್ ತಡೆದು ತಡೆದು ನಡೆಯುತ್ತಿರುತ್ತದೆ. ಕಂಪ್ಯೂಟರ್ ಮುಂದೆ ಕೂತವನು ಬೆಳಗಿನಿಂದ ಊಟ ಬಿಟ್ಟು ಅರ್ಜಿ ತುಂಬುತ್ತಿರುತ್ತಾನೆ. ‘ಮೇಲ್ ಐಡಿ ಹೇಳ ಲಗೂ’ ಎಂದಾಗ ಹುಡುಗ ತಡವರಿಸುತ್ತಾನೆ. ‘ಇರಲಿ ಬಿಡು, ನಮ್ಮ ಅಂಗಡಿ ಐಡಿ ಹಾಕತೇನಿ. ಏನರ ಬಂದ್ರ ಫೋನ್ ಮಾಡತೇನಿ.’ ಇದರಲ್ಲಿ ಮೋಸವಿಲ್ಲ, ಉಪಕಾರದ ಮನಸ್ಸೇ ಇದೆ. ಆದರೆ ಹೀಗೆ ಒಂದೇ ಐಡಿಯಲ್ಲಿ ಎಷ್ಟೋ ಜನರ ಅರ್ಜಿಗಳು ಸೇರಿಕೊಂಡ ಮೇಲೆ, ಮೂರು ತಿಂಗಳ ನಂತರ ಬಂದ ಪ್ರವೇಶಪತ್ರದ ಮೇಲ್ ಯಾರದು ಎಂದು ಹುಡುಕಿ ಫೋನ್ ಮಾಡುವ ಪುರುಸೊತ್ತು ಅಂಗಡಿಯವನಿಗೆ ಎಲ್ಲಿ? ಕೆಲವರು ಐಡಿಯನ್ನೂ ಪಾಸ್‌ವರ್ಡನ್ನೂ ಅರ್ಜಿಯ ಪ್ರಿಂಟಿನ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಆ ಹಾಳೆ ಮನೆಯ ಟ್ರಂಕಿನಲ್ಲಿ ಉಳಿದರೆ ಪುಣ್ಯ.

ಹೀಗಾಗಿ ಹೆಸರು ಚಂದ ಇರಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಬೀಗದ ಕೈ ಯಾರ ಹತ್ತಿರ ಇದೆ? ತನ್ನ ಫೋನಿನಲ್ಲಿ, ತನ್ನ ನಂಬರಿಗೆ ಓಟಿಪಿ ಬರಿಸಿಕೊಂಡು, ತಾನೇ ಕೂತು ಮಾಡಿದ ಐಡಿ ಮಾತ್ರ ಸ್ವಂತದ್ದು.

ಹೆಸರಿನ ವಿಷಯಕ್ಕೆ ಬಂದರೆ, ತಡವಾಗಿ ಬಂದವರಿಗೆ ಒಂದು ತೊಡಕಿದೆ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ ಜುಲೈ 4ರಂದು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ಶುರುಮಾಡಿ, ಪುಕ್ಕಟೆ ಮೇಲ್ ವಿಳಾಸವನ್ನು ಲೋಕಕ್ಕೆ ಹಂಚಿದರು. ಜಿಮೇಲ್ ಬಂದದ್ದು 2004ರ ಏಪ್ರಿಲ್ 1ಕ್ಕೆ. ಆರಂಭದಲ್ಲಿ ಆಹ್ವಾನ ಇದ್ದವರಿಗಷ್ಟೇ ಪ್ರವೇಶ. ನಗರದವರು, ಪರದೇಶದಲ್ಲಿದ್ದವರು ಮೊದಲು ಹೊಕ್ಕು, ಸರಳವಾದ ಹೆಸರುಗಳನ್ನೆಲ್ಲ ತೆಗೆದುಕೊಂಡರು. ಯಾರಾದರೂ ಖಾತೆ ಅಳಿಸಿದರೂ ಆ ಹೆಸರನ್ನು ಗೂಗಲ್ ಮತ್ತೊಬ್ಬರಿಗೆ ಕೊಡುವುದಿಲ್ಲ. ಹೀಗಾಗಿ ಇಂದು ಬಸವರಾಜ ಪಾಟೀಲ ಎಂಬ ಹೆಸರಿನ ಹುಡುಗ ನೇರವಾಗಿ ಆ ಎರಡು ಪದ ಟೈಪ್ ಮಾಡಿದರೆ ‘ಈ ಹೆಸರು ಈಗಾಗಲೇ ಇದೆ’ ಎಂಬ ಕೆಂಪು ಸಾಲೇ ಬರುತ್ತದೆ. ಅಲ್ಲಿಗೆ ಸೋತು, ಗೂಗಲ್ ಸೂಚಿಸಿದ ಅಂಕಿಗಳ ಬಾಲವನ್ನು ಒಪ್ಪಿಕೊಳ್ಳುತ್ತಾನೆ.

ಒಪ್ಪಿಕೊಳ್ಳಬೇಕಿಲ್ಲ. ಹಳೆಯ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಗೆ ಹೆಸರಿನ ವಿಷಯದಲ್ಲಿ ಒಂದು ದೊಡ್ಡ ಅನುಕೂಲವಿದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗದ ಕ್ರಮ ಇಲ್ಲಿ ಶಾಲೆಯ ದಾಖಲೆಯಿಂದಲೇ ಬರುತ್ತದೆ. ಬಸವರಾಜ ಪಾಟೀಲರು ಸಾವಿರಾರು ಇರಬಹುದು. ಬಸವರಾಜ ಶಿವಪ್ಪ ಪಾಟೀಲರು ಬಹಳ ಕಡಿಮೆ. ಮೂರನ್ನೂ ಸೇರಿಸಿದರೆ, ಇಲ್ಲವೇ ತಂದೆಯ ಹೆಸರಿನ ಮೊದಲ ಅಕ್ಷರವನ್ನು ನಡುವೆ ಇಟ್ಟರೆ, ಇಲ್ಲವೇ ಅಡ್ಡಹೆಸರನ್ನು ಮುಂದೆ ತಂದರೆ ಅಂಕಿಯಿಲ್ಲದ ಐಡಿ ಸಿಗುವ ಸಂಭವ ಹೆಚ್ಚು. ಆದರೆ ಉದ್ದದ ಮಿತಿ ಮರೆಯಬಾರದು: ಜಿಮೇಲ್ ಹೆಸರು 6ರಿಂದ 30 ಅಕ್ಷರದೊಳಗೆ ಇರಬೇಕು. ಶಿವಲಿಂಗಪ್ಪ ಮಲ್ಲಿಕಾರ್ಜುನ ಹಿರೇಮಠ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪೂರ್ತಿ ಬರೆಯಹೊರಟರೆ 30 ದಾಟುತ್ತದೆ. ಅಂಥವರಿಗೆ ತಂದೆಯ ಹೆಸರಿನ ಒಂದೇ ಅಕ್ಷರ ಸಾಕು.

ಮುಂದಿನ ಗಂಟು ಸ್ಪೆಲಿಂಗಿನದು. ಲಕ್ಷ್ಮಿ ಎಂಬ ಹೆಸರನ್ನು ಮೈಸೂರು ಕಡೆಯವರು ‘ಕೆಎಸ್‌ಎಚ್’ ಹಾಕಿ ಬರೆದರೆ ಬೆಳಗಾವಿ ಜಿಲ್ಲೆಯವರು ‘ಎಕ್ಸ್’ ಹಾಕುತ್ತಾರೆ. ವಿಠ್ಠಲನಿಗೆ ‘ಟಿ’ ಒಂದೋ ಎರಡೋ, ‘ಎಚ್’ ಬೇಕೋ ಬೇಡವೋ? ಸಿದ್ದಪ್ಪನಿಗೆ ‘ಡಿ’ ಎಷ್ಟು? ಬಸವರಾಜನ ನಡುವಿನ ‘ಎ’ಯನ್ನು ಕೊಲ್ಹಾಪುರದ ಕಂಪನಿಯ ಗುಮಾಸ್ತ ನುಂಗಿ ‘ಬಸ್ವರಾಜ’ ಎಂದು ಟೈಪ್ ಮಾಡಿದರೆ, ಸಂದರ್ಶನದ ಪತ್ರ ಇನ್ಯಾವನೋ ಬಸ್ವರಾಜನಿಗೆ ಹೋಗುತ್ತದೆ. ಮೇಲ್ ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ ಪೋಸ್ಟ್‌ಮನ್ ಊರಲ್ಲಿ ವಿಚಾರಿಸಿಕೊಂಡು ಬಂದು ಮುಟ್ಟಿಸುವ ಸೌಕರ್ಯವಿಲ್ಲ. ಅದಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು ಅಲ್ಲಿರುವ ಸ್ಪೆಲಿಂಗನ್ನೇ ಹಿಡಿಯುವುದು ಲೇಸು. ಅರ್ಜಿಯಲ್ಲಿ ಹೆಸರು ತುಂಬುವುದು ಅದರಂತೆಯೇ, ದಾಖಲೆ ಪರಿಶೀಲನೆಯಲ್ಲಿ ತಾಳೆ ನೋಡುವುದೂ ಅದನ್ನೇ.

ಚುಕ್ಕೆಗಳ ಬಗ್ಗೆ ಒಂದು ಮಾತು. ಜಿಮೇಲ್‌ಗೆ ಹೆಸರಿನ ನಡುವಿನ ಚುಕ್ಕೆ ಲೆಕ್ಕಕ್ಕಿಲ್ಲ. ಚುಕ್ಕೆ ಇಟ್ಟು ಬರೆದರೂ ಬಿಟ್ಟು ಬರೆದರೂ ಮೇಲ್ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಆದ್ದರಿಂದ ಬೇರೆಯವನ ಐಡಿಗೆ ಚುಕ್ಕೆ ಸೇರಿಸಿದರೆ ಹೊಸ ಐಡಿ ಆಯಿತು ಎಂದುಕೊಳ್ಳುವಂತಿಲ್ಲ. ಆದರೆ ಕಣ್ಣಿಗೆ ಹೆಸರು ಬಿಡಿಬಿಡಿಯಾಗಿ ಕಾಣಲು ಬಯೋಡೇಟಾದಲ್ಲಿ ಚುಕ್ಕೆ ಇಟ್ಟು ಬರೆಯುವುದು ಒಳ್ಳೆಯದು. ಅಂಡರ್‌ಸ್ಕೋರನ್ನು ಜಿಮೇಲ್ ಒಪ್ಪುವುದಿಲ್ಲ. ಒಪ್ಪುವ ಬೇರೆ ಕಡೆಗಳಲ್ಲೂ ಅದು ತೊಂದರೆಯೇ, ಏಕೆಂದರೆ ವಿಳಾಸದ ಕೆಳಗೆ ನೀಲಿ ಗೆರೆ ಬಿದ್ದ ಕೂಡಲೇ ಅಂಡರ್‌ಸ್ಕೋರ್ ಅದರಲ್ಲಿ ಮುಚ್ಚಿಹೋಗುತ್ತದೆ. ಸೊನ್ನೆಗೂ ‘ಓ’ಗೂ, ಒಂದಕ್ಕೂ ‘ಎಲ್’ಗೂ ಆಗುವ ಗೊಂದಲ ಎಲ್ಲರಿಗೂ ಗೊತ್ತಿದ್ದದ್ದೇ. ಐಡಿ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಉಪಾಯವಿದೆ. ಅದನ್ನು ಫೋನಿನಲ್ಲಿ ಗೆಳೆಯನಿಗೆ ಒಮ್ಮೆ ಹೇಳಬೇಕು, ಅವನು ಬರೆದುಕೊಂಡು ಒಂದು ಮೇಲ್ ಕಳಿಸಬೇಕು. ‘ಏನಂದಿ?’ ಎಂದು ಎರಡೆರಡು ಸಲ ಕೇಳಿದರೆ ಹೆಸರನ್ನು ಇನ್ನೂ ಸರಳ ಮಾಡಬೇಕು ಎಂದೇ ಅರ್ಥ.

ಊರಿನ ಅಭಿಮಾನದಿಂದ ಐಡಿಯಲ್ಲಿ ಊರು ಸೇರಿಸುವವರೂ ಉಂಟು. ಊರಿನ ಹೆಸರೂ ತಾಲ್ಲೂಕೂ ಬದಲಾಗುತ್ತವೆ ಎಂಬುದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ಇಂಗ್ಲಿಷಿನ ಬೆಲ್ಗಾಮ್ ಬೆಳಗಾವಿಯಾಯಿತು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು. ಲಕೋಟೆಯ ಮೇಲೆ ‘ಮು. ಪೋ.’ ಎಂದು ಆರಂಭಿಸಿ ‘ತಾ. ಗೋಕಾಕ’ ಎಂದು ಬರೆಯುತ್ತಿದ್ದವರು ‘ತಾ. ಮೂಡಲಗಿ’ ಎಂದು ಬರೆಯತೊಡಗಿದರು. ಹೀಗಾಗಿ ಐಡಿಯಲ್ಲಿ ಊರು ಬೇಡ. ಹುಟ್ಟಿದ ವರ್ಷವನ್ನು ಸೇರಿಸುವುದೂ ಬೇಡ, ವಯಸ್ಸನ್ನು ಕೇಳದವರಿಗೂ ಹೇಳಿದಂತಾಗುತ್ತದೆ.

ಅಡ್ಡಹೆಸರಿನ ಪ್ರಶ್ನೆ ಮಾತ್ರ ಇಷ್ಟು ಸುಲಭದ್ದಲ್ಲ. ಬಡಿಗೇರ, ತಳವಾರ, ಮಡಿವಾಳರ, ಹಿರೇಮಠ ಎಂಬ ಅಡ್ಡಹೆಸರುಗಳು ಈ ಭಾಗದಲ್ಲಿ ಕುಲಕಸುಬನ್ನೂ ಜಾತಿಯನ್ನೂ ಹೊತ್ತುಕೊಂಡೇ ಬರುತ್ತವೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರುಗಳಲ್ಲಿ ಕಳಿಸಿ ನೋಡಿದರು. ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಮೇಲ್ಜಾತಿ ಹೆಸರಿನವುಗಳಿಗಿಂತ ಕರೆ ಕಡಿಮೆ ಬಂದದ್ದನ್ನು 2007ರಲ್ಲಿ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಪ್ರಕಟಿಸಿದರು. ಇದು ನಾಚಿಕೆಪಡಬೇಕಾದ ಸಂಗತಿ. ನಾಚಬೇಕಾದವರು ಕರೆ ಕಳಿಸದ ಕಂಪನಿಗಳವರು. ತನ್ನ ಅಡ್ಡಹೆಸರನ್ನು ಪೂರ್ತಿ ಬರೆಯುವ ಹಕ್ಕು ಪ್ರತಿಯೊಬ್ಬ ಅಭ್ಯರ್ಥಿಗೂ ಇದೆ. ಮೇಲ್ ಐಡಿಯಲ್ಲಿ ಅದನ್ನು ಬಿಟ್ಟು ತನ್ನ ಹೆಸರು, ತಂದೆಯ ಹೆಸರು ಇಷ್ಟನ್ನೇ ಇಟ್ಟುಕೊಂಡರೂ ಯಾವ ನಿಯಮಕ್ಕೂ ಅಡ್ಡಿಯಿಲ್ಲ, ಅದೂ ಪೂರ್ಣ ಪ್ರಮಾಣದ ಗೌರವದ ಐಡಿಯೇ. ಬಯೋಡೇಟಾದಲ್ಲಿ ಹೇಗೂ ಪೂರ್ತಿ ಹೆಸರು ಇರುವುದರಿಂದ ಮೇಲ್ ಒಂದರಲ್ಲಿ ಬಿಟ್ಟ ಮಾತ್ರಕ್ಕೆ ಈ ಅನ್ಯಾಯ ತಪ್ಪುತ್ತದೆ ಎನ್ನಲಾಗದು.

ಹೆಣ್ಣುಮಕ್ಕಳ ಐಡಿಯ ಸ್ಥಿತಿ ಇನ್ನಷ್ಟು ಗಮನ ಬೇಡುತ್ತದೆ. ಎಷ್ಟೋ ಮನೆಗಳಲ್ಲಿ ಮಗಳ ಐಡಿ ಅಣ್ಣನ ಫೋನಿನಲ್ಲಿ ಇರುತ್ತದೆ, ಓಟಿಪಿ ಅಪ್ಪನ ನಂಬರಿಗೆ ಬರುತ್ತದೆ. ಪದವಿ ಮುಗಿಸಿ ಅರ್ಜಿ ಹಾಕಿ ಕಾಯುತ್ತಿರುವಾಗಲೇ ಮದುವೆ ಗೊತ್ತಾಗುತ್ತದೆ. ಅಡ್ಡಹೆಸರು ಬದಲಾಗುತ್ತದೆ, ಈ ಭಾಗದ ಕೆಲವು ಮನೆತನಗಳಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ರೂಢಿಯೂ ಇದೆ. ಗಂಡನ ಮನೆ ಸಂಕೇಶ್ವರವೋ ಇಚಲಕರಂಜಿಯೋ ಆಗಿ, ಅಣ್ಣನ ಫೋನು ತವರಿನಲ್ಲೇ ಉಳಿಯುತ್ತದೆ. ಆಗ ಬಂದ ಹಾಲ್ ಟಿಕೆಟ್ಟಿನ ಸುದ್ದಿ ಅವಳನ್ನು ಮುಟ್ಟುವುದು ತವರಿನವರ ನೆನಪಿನ ಮೇಲೆ ನಿಂತಿರುತ್ತದೆ. ತನ್ನ ಹೆಸರಿನ ಜೊತೆ ತಂದೆಯ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ ಐಡಿ ಮದುವೆಯ ನಂತರವೂ ಅಂಕಪಟ್ಟಿಗೆ ಹೊಂದಿಕೊಂಡೇ ಇರುತ್ತದೆ. ಅವಳ ಸ್ವಂತ ನಂಬರು ಅದಕ್ಕೆ ಜೋಡಣೆಯಾಗಿರಬೇಕು. ಮನೆಯವರು ಮಗಳಿಗೆ ಕೊಡುವ ಬಂಗಾರಕ್ಕಿಂತ ಇದು ಕಡಿಮೆಯದೇನಲ್ಲ, ಖರ್ಚು ಮಾತ್ರ ಏನೂ ಇಲ್ಲ.

ನಂಬರಿನ ಮಾತು ಬಂದಾಗ ರೀಚಾರ್ಜಿನ ಮಾತನ್ನೂ ಆಡಬೇಕು. ಬಂದ್ ಆದ ಮೊಬೈಲ್ ನಂಬರನ್ನು 90 ದಿನಗಳವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಅದಾದ ಮೇಲೆ ಕೊಡಬಹುದು. ಪುಣೆಗೆ ಹೋಗಿ ಹೊಸ ಸಿಮ್ ತೆಗೆದುಕೊಂಡು ಊರಿನ ಸಿಮ್ಮನ್ನು ಮರೆತ ಹುಡುಗನ ಹಳೆಯ ನಂಬರು ಮತ್ತೊಬ್ಬನ ಕೈಗೆ ಹೋದರೆ, ಮೇಲ್ ಪಾಸ್‌ವರ್ಡ್ ಮರೆತಾಗ ಬರುವ ಓಟಿಪಿಯೂ ಅವನ ಕೈಗೇ. ಇತ್ತ ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಎರಡು ವರ್ಷ ಎಂದರೆ ಬಹಳ ಎನ್ನಿಸಬಹುದು. ಕರ್ನಾಟಕದ ನೇಮಕಾತಿಗಳ ಇತಿಹಾಸ ನೋಡಿದರೆ ಹಾಗನ್ನಿಸುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ರಂದು. 2011ರ ಸಾಲಿನ ಗೆಜೆಟೆಡ್ ಪ್ರೊಬೇಷನರಿ ನೇಮಕಾತಿಯ 362 ಅಭ್ಯರ್ಥಿಗಳ ಕಥೆ ಇನ್ನೂ ದೀರ್ಘ: ಸರ್ಕಾರ 2014ರಲ್ಲಿ ಆಯ್ಕೆಯನ್ನು ಕೈಬಿಟ್ಟಿತು, ಅದನ್ನು ಊರ್ಜಿತಗೊಳಿಸುವ ಕಾನೂನು ಬಂದದ್ದು 2022ರಲ್ಲಿ. ಅರ್ಜಿ ಹಾಕಿದ ದಿನದಿಂದ ಆದೇಶ ಕೈಗೆ ಬರುವ ದಿನದವರೆಗೆ ಇಷ್ಟು ವರ್ಷ ಹಿಡಿಯಬಹುದಾದ ನಾಡಿನಲ್ಲಿ, ಒಂದು ಅರ್ಜಿಗೆಂದು ಮಾಡಿ ಬಿಟ್ಟ ಐಡಿ ಕೆಲಸಕ್ಕೆ ಬಾರದು. ತಿಂಗಳಿಗೊಮ್ಮೆಯಾದರೂ ತೆರೆದು, ಸ್ಪ್ಯಾಮ್ ಪೆಟ್ಟಿಗೆಯನ್ನೂ ಇಣುಕಿ ನೋಡಬೇಕು. ಕಾಲೇಜು ಕೊಟ್ಟ ಐಡಿಯನ್ನು ನಂಬಿ ಅರ್ಜಿ ಹಾಕುವುದೂ ಇದೇ ಕಾರಣಕ್ಕೆ ಸರಿಯಲ್ಲ. ಕೋರ್ಸ್ ಮುಗಿದ ಮೇಲೆ ಅದು ಮುಚ್ಚಿಹೋಗಬಹುದು.

ಕನ್ನಡ ಲಿಪಿಯಲ್ಲೇ ಮೇಲ್ ವಿಳಾಸ ಇರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಇಂಟರ್‌ನೆಟ್ಟಿನ ತಾಂತ್ರಿಕ ನಿಯಮಗಳು 2012ರಲ್ಲೇ ಅದಕ್ಕೆ ದಾರಿ ಮಾಡಿಕೊಟ್ಟಿವೆ. ಅಂಥ ವಿಳಾಸಗಳೊಡನೆ ಮೇಲ್ ವ್ಯವಹಾರಕ್ಕೆ ಜಿಮೇಲ್ 2014ರಿಂದ ಅವಕಾಶ ಕೊಟ್ಟಿದೆ. ‘.ಭಾರತ’ ಎಂದು ಕನ್ನಡದಲ್ಲಿ ಮುಗಿಯುವ ಜಾಲವಿಳಾಸವೂ ಇದೆ. ನೇಮಕಾತಿಯ ಅರ್ಜಿ ನಮೂನೆಗಳು ಅವನ್ನು ಸ್ವೀಕರಿಸಲು ಸಜ್ಜಾಗುವವರೆಗೆ ನೌಕರಿ ಹುಡುಕುವವರು ಇಂಗ್ಲಿಷ್ ಅಕ್ಷರಗಳ ಐಡಿಯನ್ನೇ ಇಟ್ಟುಕೊಳ್ಳಬೇಕಾಗುತ್ತದೆ. ಸಜ್ಜುಗೊಳಿಸುವ ಕೆಲಸ ರಾಜ್ಯದ್ದೇ ಪರೀಕ್ಷಾ ಪ್ರಾಧಿಕಾರ, ಲೋಕಸೇವಾ ಆಯೋಗಗಳಿಂದ ಶುರುವಾದರೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆಯಿಲ್ಲ.

ತನ್ನ ವಿಳಾಸ ನೆಟ್ಟಗೆ ಮಾಡಿಕೊಂಡವನಿಗೆ ಎದುರಿನವರ ವಿಳಾಸ ಓದುವ ಅಭ್ಯಾಸವೂ ತಾನಾಗಿ ಬರುತ್ತದೆ. ರೈಲ್ವೆಯ ಹೆಸರಿನಲ್ಲಿ ನೇಮಕಾತಿ ಪತ್ರ ಕಳಿಸಿ, ‘ಡಿಪಾಸಿಟ್ ಕಟ್ಟಿ’ ಎನ್ನುವ ಮೇಲ್ ಜಿಮೇಲ್ ಖಾತೆಯಿಂದ ಬಂದಿದ್ದರೆ ಅಲ್ಲಿಗೇ ಬಿಡಬೇಕು. ಸರ್ಕಾರದ ಕಚೇರಿಗಳ ಜಾಲತಾಣ ‘ಜಿಒವಿ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು.

ಈಗಾಗಲೇ ‘ಕಿಂಗ್’ ಐಡಿಯಲ್ಲಿ ನಾಲ್ಕಾರು ಅರ್ಜಿ ಹಾಕಿಬಿಟ್ಟವರು ಗಾಬರಿಪಡುವ ಕಾರಣವಿಲ್ಲ. ಹೊಸ ಐಡಿಯನ್ನು ಸ್ವಂತ ಹೆಸರಿನಲ್ಲಿ ಮಾಡಿ, ಖಾತೆಯ ಹೆಸರಿನ ಜಾಗದಲ್ಲೂ ನಿಜ ಹೆಸರು ಬರೆದು, ಚೇತರಿಕೆಗೆ ಸ್ವಂತ ನಂಬರನ್ನೂ ಇನ್ನೊಂದು ಮೇಲನ್ನೂ ಕೊಟ್ಟು, ಪಾಸ್‌ವರ್ಡನ್ನು ಮನೆಯ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಹಳೆಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಎಂಬ ಅನುಕೂಲವಿದೆ. ಅಲ್ಲಿ ಹೊಸ ವಿಳಾಸ ಕೊಟ್ಟು ಖಚಿತಪಡಿಸಿದರೆ, ಹಳೆಯದಕ್ಕೆ ಬರುವ ಮೇಲ್‌ಗಳು ಸ್ಪ್ಯಾಮ್ ಬಿಟ್ಟು ಉಳಿದವೆಲ್ಲ ಹೊಸದಕ್ಕೂ ಬಂದು ಬೀಳುತ್ತವೆ. ಖಾಸಗಿ ಕಂಪನಿಗಳಿಗೆ, ನೌಕರಿ ಜಾಲತಾಣಗಳಿಗೆ ಇನ್ನು ಮುಂದೆ ಹೊಸ ಐಡಿಯನ್ನಷ್ಟೇ ಕೊಡಬೇಕು. ರೈಲ್ವೆಯಂಥ ಕಡೆ ಹಳೆಯ ಐಡಿಯಲ್ಲಿ ಹಾಕಿದ ಅರ್ಜಿ ಇನ್ನೂ ನಡೆಯುತ್ತಿದ್ದರೆ, ಆ ನೇಮಕಾತಿಯ ಅಂತಿಮ ಪಟ್ಟಿ ಬರುವವರೆಗೆ ಹಳೆಯ ಖಾತೆಯನ್ನು ಅಳಿಸಬಾರದು, ಅದಕ್ಕೆ ಜೋಡಿಸಿದ ಸಿಮ್ಮಿನ ರೀಚಾರ್ಜನ್ನೂ ನಿಲ್ಲಿಸಬಾರದು.